ಸಮಗ್ರ ಅಭಿವೃದ್ಧಿ ಪರಿಸರದ ಆಯ್ಕೆ

ಸಮಗ್ರ ಅಭಿವೃದ್ಧಿ ಪರಿಸರ ಎಂಬುದು ಗಣಕದ ಕ್ರಮವಿಧಿಗಳನ್ನು ಬರೆಯುವುದಕ್ಕೆ, ನಡೆಸಿ ನೋಡುವುದಕ್ಕೆ ಮತ್ತು ಅವುಗಳಲ್ಲಿನ ದೋಷಗಳನ್ನು ತಿದ್ದುವುದಕ್ಕೆ ಅಗತ್ಯವಾದ ಸಲಕರಣೆಗಳನ್ನು ಒಂದೇ ಕಡೆ ಒದಗಿಸುವ ತಂತ್ರಾಂಶವಾಗಿದೆ. ತಂತ್ರಾಂಶ ವಲಯದಲ್ಲಿ ಇದು ಐಡಿಇ ಎಂಬ ಸಂಕ್ಷಿಪ್ತ ನಾಮದಿಂದಲೇ ಹೆಚ್ಚು ಪರಿಚಿತ. ಎಕ್ಲಿಪ್ಸ್, ನೆಟ್‌ಬೀನ್ಸ್, ಇಂಟೆಲ್ಲಿಜೆ ಐಡಿಯಾ, ವಿಷುಯಲ್ ಸ್ಟುಡಿಯೋ, ಎಕ್ಸ್‌ಕೋಡ್ ಮತ್ತು ಆಂಡ್ರಾಯ್ಡ್ ಸ್ಟುಡಿಯೋ ಇದಕ್ಕೆ ಪ್ರಸಿದ್ಧ ಉದಾಹರಣೆಗಳು.

ಒಬ್ಬ ಪ್ರೋಗ್ರಾಮರ್ ತನಗಾಗಿ ಐಡಿಇಯನ್ನು ಆರಿಸಿಕೊಳ್ಳುವುದು ಬಹುಮಟ್ಟಿಗೆ ಅಭಿರುಚಿ ಮತ್ತು ಅಭ್ಯಾಸದ ವಿಷಯ. ಒಂದು ತಂಡ ಆರಿಸಿಕೊಳ್ಳುವಾಗ ಹೊಸಬರ ಕಲಿಕೆ, ವೆಚ್ಚ, ಪರವಾನಗಿಯ ನಿಬಂಧನೆಗಳು, ಸುರಕ್ಷತೆ ಮತ್ತು ಸಲಕರಣೆಯ ಬಾಳಿಕೆ ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ತಂಡವು ರಚಿಸಿದ ತಂತ್ರಾಂಶ ಹತ್ತಾರು ವರ್ಷ ಬಳಕೆಯಲ್ಲಿರಬಹುದು. ಅದನ್ನು ರಚಿಸಲು ಬಳಸಿದ ಐಡಿಇ ಅಷ್ಟು ಕಾಲ ಉಳಿಯದೆಯೂ ಹೋಗಬಹುದು. ಆದ್ದರಿಂದ ಯಾವ ಐಡಿಇ ಉತ್ತಮ ಎಂಬ ಪ್ರಶ್ನೆಯಷ್ಟೇ, ಆ ಐಡಿಇ ಇಲ್ಲವಾದ ದಿನ ಕೆಲಸ ಮುಂದುವರಿಯಬಲ್ಲದೇ ಎಂಬ ಪ್ರಶ್ನೆಯೂ ಮುಖ್ಯವಾಗುತ್ತದೆ.

ಘಟಕಗಳು

ಐಡಿಇಯ ಹೃದಯಭಾಗದಲ್ಲಿರುವುದು ಪಠ್ಯ ಸಂಪಾದಕ. ಕ್ರಮವಿಧಿಯ ಮೂಲಪಠ್ಯವನ್ನು, ಅಂದರೆ ಸೋರ್ಸ್ ಕೋಡನ್ನು, ಬರೆಯುವುದು ಇದರಲ್ಲಿಯೇ. ಭಾಷೆಯ ಮೀಸಲು ಪದಗಳನ್ನು ಬೇರೆ ಬೇರೆ ಬಣ್ಣಗಳಲ್ಲಿ ತೋರಿಸುವುದು, ಅರ್ಧ ಬರೆದ ಹೆಸರನ್ನು ಪೂರ್ಣಗೊಳಿಸುವುದು, ಆವರಣ ಚಿಹ್ನೆ ಮುಚ್ಚದೆ ಉಳಿದಿದ್ದರೆ ಎಚ್ಚರಿಸುವುದು ಇದರ ಕೆಲಸಗಳು. ಮೂಲಪಠ್ಯವನ್ನು ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ಪರಿವರ್ತಿಸುವ ಕಂಪೈಲರ್, ಅನೇಕ ಕಡತಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಿ ಅಂತಿಮ ಉತ್ಪನ್ನವನ್ನು ಕಟ್ಟುವ ನಿರ್ಮಾಣ ವ್ಯವಸ್ಥೆ, ಕ್ರಮವಿಧಿಯನ್ನು ಸಾಲು ಸಾಲಾಗಿ ನಡೆಸಿ ದೋಷವೆಲ್ಲಿದೆ ಎಂದು ಪರಿಶೀಲಿಸಲು ನೆರವಾಗುವ ಡೀಬಗ್ಗರ್ ಇವು ಇತರ ಮುಖ್ಯ ಘಟಕಗಳು.

ಇಂದಿನ ಐಡಿಇಗಳಲ್ಲಿ ಇವುಗಳ ಜೊತೆಗೆ ಗಿಟ್‌ನಂತಹ ಆವೃತ್ತಿ ನಿಯಂತ್ರಣ ವ್ಯವಸ್ಥೆಯ ಸಂಪರ್ಕವೂ, ಒಂದು ಹೆಸರನ್ನು ಬದಲಿಸಿದರೆ ಅದು ಬಳಕೆಯಾಗಿರುವ ಕಡೆಗಳಲ್ಲೆಲ್ಲ ಬದಲಿಸುವ ಪುನಾರಚನಾ ಸೌಲಭ್ಯವೂ ಇರುತ್ತವೆ. ಈ ಘಟಕಗಳಲ್ಲಿ ಹಲವು ಐಡಿಇಯ ಸ್ವಂತ ಭಾಗಗಳಲ್ಲ. ಕಂಪೈಲರ್, ಡೀಬಗ್ಗರ್, ಗಿಟ್ ಇವು ಬಹುಪಾಲು ಸಂದರ್ಭಗಳಲ್ಲಿ ಸ್ವತಂತ್ರ ತಂತ್ರಾಂಶಗಳು. ಐಡಿಇ ಅವುಗಳನ್ನು ಕರೆದು ಕೆಲಸ ಮಾಡಿಸುತ್ತದೆ. ತಂಡವೊಂದರ ಆಯ್ಕೆಯ ದೃಷ್ಟಿಯಿಂದ ಈ ವ್ಯತ್ಯಾಸವನ್ನು ತಿಳಿದಿರುವುದು ಬಹಳ ಅಗತ್ಯ.

ಇತಿಹಾಸ

ಆರಂಭದ ಗಣಕಗಳಲ್ಲಿ ಕ್ರಮವಿಧಿಯನ್ನು ರಂಧ್ರಪಟ್ಟಿಗಳ ಮೇಲೆ ಸಿದ್ಧಪಡಿಸಿ, ಗಣಕ ಕೇಂದ್ರಕ್ಕೆ ಒಪ್ಪಿಸಿ, ಫಲಿತಾಂಶಕ್ಕಾಗಿ ಕಾಯಬೇಕಾಗಿತ್ತು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಸ್ ಅವರು 1964ರಲ್ಲಿ ರೂಪಿಸಿದ ಬೇಸಿಕ್ ಭಾಷೆ ಹಾಗೂ ಕಾಲಹಂಚಿಕೆ ವ್ಯವಸ್ಥೆಯು, ವಿದ್ಯಾರ್ಥಿಯೊಬ್ಬ ತನ್ನ ಟರ್ಮಿನಲ್‌ನ ಮುಂದೆ ಕುಳಿತು ಬರೆಯಲು, ನಡೆಸಲು ಮತ್ತು ತಿದ್ದಲು ಅನುವು ಮಾಡಿಕೊಟ್ಟಿತು. ಜರ್ಮನಿಯ ಮ್ಯೂನಿಕ್‌ನ ಸಾಫ್ಟ್‌ಲ್ಯಾಬ್ ಸಂಸ್ಥೆ 1975ರಲ್ಲಿ ಹೊರತಂದ ಮೇಸ್ಟ್ರೋ ಎಂಬ ವ್ಯವಸ್ಥೆಯನ್ನು ಜಗತ್ತಿನ ಮೊದಲ ಐಡಿಇ ಎಂದು ಹಲವರು ಗುರುತಿಸುತ್ತಾರೆ.

ವೈಯಕ್ತಿಕ ಗಣಕಗಳ ಯುಗದಲ್ಲಿ ಐಡಿಇಯನ್ನು ಜನಸಾಮಾನ್ಯರ ಕೈಗೆ ತಲುಪಿಸಿದ ಕೀರ್ತಿ ಬೋರ್ಲ್ಯಾಂಡ್ ಸಂಸ್ಥೆಯ ಟರ್ಬೋ ಪಾಸ್ಕಲ್‌ಗೆ ಸಲ್ಲುತ್ತದೆ. ಡೆನ್ಮಾರ್ಕ್‌ನ ಆಂಡರ್ಸ್ ಹೈಲ್ಸ್‌ಬರ್ಗ್ ಅವರು ಬರೆದ ಕಂಪೈಲರನ್ನು ಆಧರಿಸಿದ ಈ ಉತ್ಪನ್ನ 1983ರಲ್ಲಿ ಬಿಡುಗಡೆಯಾಯಿತು. ಇತರ ಕಂಪೈಲರ್‌ಗಳು ನೂರಾರು ಡಾಲರ್‌ಗಳಿಗೆ ಮಾರಾಟವಾಗುತ್ತಿದ್ದ ಕಾಲದಲ್ಲಿ ಇದರ ಬೆಲೆ 49.95 ಡಾಲರ್ ಆಗಿತ್ತು. ಸಂಪಾದಕ ಮತ್ತು ಕಂಪೈಲರ್ ಎರಡೂ ಒಂದೇ ತಂತ್ರಾಂಶದಲ್ಲಿದ್ದುದರಿಂದ ಬರೆದ ಕ್ಷಣದಲ್ಲಿಯೇ ನಡೆಸಿ ನೋಡುವುದು ಸಾಧ್ಯವಾಯಿತು. ಇದೇ ಸಂಸ್ಥೆಯ ಟರ್ಬೋ ಸಿ 1987ರಲ್ಲಿಯೂ ಟರ್ಬೋ ಸಿ++ 1990ರಲ್ಲಿಯೂ ಬಂದವು. ಮೈಕ್ರೋಸಾಫ್ಟ್ ಸಂಸ್ಥೆ 1991ರಲ್ಲಿ ವಿಷುಯಲ್ ಬೇಸಿಕನ್ನು, 1997ರಲ್ಲಿ ಹಲವು ಭಾಷೆಗಳ ಸಲಕರಣೆಗಳನ್ನು ಒಟ್ಟುಗೂಡಿಸಿದ ವಿಷುಯಲ್ ಸ್ಟುಡಿಯೋವನ್ನು ಹೊರತಂದಿತು.

ಜಾವಾ ಭಾಷೆ ಪ್ರಚಾರಕ್ಕೆ ಬಂದ ಮೇಲೆ ಮೂರು ಪ್ರಮುಖ ಐಡಿಇಗಳು ಹುಟ್ಟಿಕೊಂಡವು. ನೆಟ್‌ಬೀನ್ಸ್ 1996ರಲ್ಲಿ ಪ್ರಾಗ್ ನಗರದ ಚಾರ್ಲ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಯೋಜನೆಯಾಗಿ ಆರಂಭಗೊಂಡಿತು. ಸನ್ ಮೈಕ್ರೋಸಿಸ್ಟಮ್ಸ್ ಅದನ್ನು 1999ರಲ್ಲಿ ಕೊಂಡು ಮರುವರ್ಷ ಮುಕ್ತ ತಂತ್ರಾಂಶವನ್ನಾಗಿಸಿತು. ಇಂದು ಅದು ಅಪಾಚೆ ಪ್ರತಿಷ್ಠಾನದ ಆಶ್ರಯದಲ್ಲಿದೆ. ಪ್ರಾಗ್‌ನಲ್ಲಿಯೇ ಸ್ಥಾಪನೆಗೊಂಡ ಜೆಟ್‌ಬ್ರೈನ್ಸ್ ಸಂಸ್ಥೆಯ ಇಂಟೆಲ್ಲಿಜೆ ಐಡಿಯಾ 2001ರಲ್ಲಿ ಬಂದಿತು. ಅದೇ ವರ್ಷ ಐಬಿಎಂ ಸಂಸ್ಥೆ ಎಕ್ಲಿಪ್ಸ್‌ನ ಮೂಲಪಠ್ಯವನ್ನು ಸಾರ್ವಜನಿಕಗೊಳಿಸಿತು. 2004ರಲ್ಲಿ ಸ್ವತಂತ್ರ ಎಕ್ಲಿಪ್ಸ್ ಪ್ರತಿಷ್ಠಾನ ಸ್ಥಾಪನೆಯಾಯಿತು.

ಮೈಕ್ರೋಸಾಫ್ಟ್ 2015ರ ಏಪ್ರಿಲ್‌ನಲ್ಲಿ ವಿಷುಯಲ್ ಸ್ಟುಡಿಯೋ ಕೋಡ್ ಎಂಬ ಹಗುರವಾದ ಸಂಪಾದಕವನ್ನು ಪ್ರಕಟಿಸಿತು. ಹೆಸರಿನಲ್ಲಿ ಸಾಮ್ಯವಿದ್ದರೂ ಇದು ವಿಷುಯಲ್ ಸ್ಟುಡಿಯೋಗಿಂತ ಬೇರೆಯಾದ ತಂತ್ರಾಂಶ. ಬೇಕಾದ ಸೌಲಭ್ಯಗಳನ್ನು ವಿಸ್ತರಣೆಗಳ ರೂಪದಲ್ಲಿ ಸೇರಿಸಿಕೊಂಡು ಇದನ್ನು ಐಡಿಇಯಂತೆ ಬಳಸಬಹುದು. ಸ್ಟ್ಯಾಕ್ ಓವರ್‌ಫ್ಲೋ ಜಾಲತಾಣದ 2023ರ ಸಮೀಕ್ಷೆಯಲ್ಲಿ ಸುಮಾರು ಶೇ. 74ರಷ್ಟು ಮಂದಿ ಇದನ್ನು ಬಳಸುವುದಾಗಿ ತಿಳಿಸಿದ್ದರು.

ಆಯ್ಕೆಯ ಮಾನದಂಡಗಳು

ಭಾಷೆ ಮತ್ತು ವೇದಿಕೆ

ಕೆಲವು ಸಂದರ್ಭಗಳಲ್ಲಿ ಆಯ್ಕೆಗೆ ಹೆಚ್ಚು ಅವಕಾಶವಿರುವುದಿಲ್ಲ. ಐಫೋನ್‌ನ ಅನ್ವಯಗಳನ್ನು ಸಿದ್ಧಪಡಿಸುವ ತಂಡಕ್ಕೆ ಆಪಲ್ ಸಂಸ್ಥೆಯ ಎಕ್ಸ್‌ಕೋಡ್ ಬೇಕೇ ಬೇಕಾಗುತ್ತದೆ. ಅದು ಮ್ಯಾಕ್ ಗಣಕಗಳಲ್ಲಿ ಮಾತ್ರ ನಡೆಯುತ್ತದೆ. ಆಂಡ್ರಾಯ್ಡ್ ಅನ್ವಯಗಳಿಗೆ ಗೂಗಲ್‌ನ ಅಧಿಕೃತ ಪರಿಸರ ಆಂಡ್ರಾಯ್ಡ್ ಸ್ಟುಡಿಯೋ. ಜಾವಾ, ಪೈಥಾನ್, ಜಾವಾಸ್ಕ್ರಿಪ್ಟ್‌ನಂತಹ ಭಾಷೆಗಳಿಗೆ ಹಲವು ಪರ್ಯಾಯಗಳಿವೆ. ಒಂದೇ ತಂಡ ಎರಡು ಮೂರು ಭಾಷೆಗಳಲ್ಲಿ ಕೆಲಸ ಮಾಡುತ್ತಿದ್ದರೆ, ಎಲ್ಲವನ್ನೂ ಸಾಧಾರಣವಾಗಿ ನಿಭಾಯಿಸುವ ಒಂದು ಸಲಕರಣೆ ಮೇಲೋ, ಒಂದೊಂದನ್ನು ಚೆನ್ನಾಗಿ ನಿಭಾಯಿಸುವ ಹಲವು ಸಲಕರಣೆಗಳು ಮೇಲೋ ಎಂಬುದನ್ನು ತೂಗಿ ನೋಡಬೇಕಾಗುತ್ತದೆ.

ಯಂತ್ರಾಂಶದ ಸಾಮರ್ಥ್ಯ

ಐಡಿಇಗಳು ಮೂಲಪಠ್ಯವನ್ನೆಲ್ಲ ಓದಿ ಸೂಚಿಯನ್ನು ಸಿದ್ಧಪಡಿಸಿಕೊಳ್ಳುವುದರಿಂದ ಹೆಚ್ಚು ಸ್ಮೃತಿಯನ್ನು ಬೇಡುತ್ತವೆ. ಆಂಡ್ರಾಯ್ಡ್ ಸ್ಟುಡಿಯೋಗೆ ಕನಿಷ್ಠ 8 ಗಿಗಾಬೈಟ್ ಸ್ಮೃತಿ ಬೇಕೆಂದು ಅದರ ಸೂಚನೆಗಳು ತಿಳಿಸುತ್ತವೆ. ಗಣಕದಲ್ಲಿಯೇ ಮೊಬೈಲ್‌ನ ಪ್ರತಿರೂಪವನ್ನು ನಡೆಸುವುದಾದರೆ ಇನ್ನೂ ಹೆಚ್ಚು ಬೇಕು. ತಂಡದ ಮುಖ್ಯಸ್ಥರ ಹೊಸ ಗಣಕದಲ್ಲಿ ಸರಾಗವಾಗಿ ನಡೆಯುವ ಸಲಕರಣೆ, ಕಿರಿಯ ಸದಸ್ಯರ ಹಳೆಯ ಗಣಕದಲ್ಲಿ ತೆವಳಬಹುದು. ಆದ್ದರಿಂದ ತಂಡದಲ್ಲಿರುವ ಅತ್ಯಂತ ದುರ್ಬಲ ಗಣಕವನ್ನೇ ಅಳತೆಗೋಲನ್ನಾಗಿ ಇಟ್ಟುಕೊಳ್ಳುವುದು ಉಚಿತ.

ಪರವಾನಗಿ ಮತ್ತು ವೆಚ್ಚ

ಬೆಲೆಯಿಲ್ಲದೆ ದೊರೆಯುವ ತಂತ್ರಾಂಶಗಳೆಲ್ಲವೂ ನಿಬಂಧನೆಗಳಿಲ್ಲದವು ಎಂದು ಭಾವಿಸಬಾರದು. ವಿಷುಯಲ್ ಸ್ಟುಡಿಯೋದ ಕಮ್ಯುನಿಟಿ ಆವೃತ್ತಿಯನ್ನು ವ್ಯಕ್ತಿಗಳು ಉಚಿತವಾಗಿ ಬಳಸಬಹುದು. ಸಣ್ಣ ಸಂಸ್ಥೆಗಳಲ್ಲಿ 5 ಮಂದಿಯವರೆಗೆ ಬಳಸಬಹುದು. ಆದರೆ 250ಕ್ಕಿಂತ ಹೆಚ್ಚು ಗಣಕಗಳು ಅಥವಾ ಬಳಕೆದಾರರು, ಇಲ್ಲವೇ 10 ಲಕ್ಷ ಡಾಲರ್‌ಗಿಂತ ಹೆಚ್ಚು ವಾರ್ಷಿಕ ಆದಾಯ ಇರುವ ಸಂಸ್ಥೆಗಳಿಗೆ ಶಿಕ್ಷಣ, ಸಂಶೋಧನೆ ಮತ್ತು ಮುಕ್ತ ತಂತ್ರಾಂಶದಂತಹ ಕೆಲಸಗಳ ಹೊರತಾಗಿ ಈ ಅನುಮತಿಯಿಲ್ಲ. ವಿಷುಯಲ್ ಸ್ಟುಡಿಯೋ ಕೋಡ್‌ನ ಮೂಲಪಠ್ಯ ಎಂಐಟಿ ಪರವಾನಗಿಯಡಿ ಮುಕ್ತವಾಗಿದ್ದರೂ, ಮೈಕ್ರೋಸಾಫ್ಟ್ ಸಿದ್ಧಪಡಿಸಿ ಹಂಚುವ ಪ್ರತಿಗೆ ಪ್ರತ್ಯೇಕ ಪರವಾನಗಿಯಿದೆ. ಅದರ ವಿಸ್ತರಣೆಗಳ ಮಳಿಗೆಯನ್ನು ಮೈಕ್ರೋಸಾಫ್ಟ್‌ನ ಉತ್ಪನ್ನಗಳೊಂದಿಗೆ ಮಾತ್ರ ಬಳಸಬೇಕೆಂಬ ಷರತ್ತೂ ಇದೆ. ಇದಕ್ಕೆ ಪರ್ಯಾಯವಾಗಿ ಎಕ್ಲಿಪ್ಸ್ ಪ್ರತಿಷ್ಠಾನವು ಓಪನ್ ವಿಎಸ್‌ಎಕ್ಸ್ ಎಂಬ ಮುಕ್ತ ಮಳಿಗೆಯನ್ನು ನಡೆಸುತ್ತಿದೆ.

ಪರವಾನಗಿಯ ಸ್ವರೂಪ ನಡುವೆ ಬದಲಾಗುವುದೂ ಉಂಟು. ಜೆಟ್‌ಬ್ರೈನ್ಸ್ 2015ರ ಸೆಪ್ಟೆಂಬರ್‌ನಲ್ಲಿ ಚಂದಾ ಪದ್ಧತಿಗೆ ಬದಲಾಗುವುದಾಗಿ ಪ್ರಕಟಿಸಿದಾಗ, ಚಂದಾ ನಿಲ್ಲಿಸಿದೊಡನೆ ಸಲಕರಣೆಯೇ ಕೈತಪ್ಪುತ್ತದೆಂದು ಬಳಕೆದಾರರು ತೀವ್ರವಾಗಿ ಆಕ್ಷೇಪಿಸಿದರು. ಆ ಬಳಿಕ ಸಂಸ್ಥೆಯು ತನ್ನ ಯೋಜನೆಯನ್ನು ತಿದ್ದಿ, 12 ತಿಂಗಳು ಚಂದಾ ತೆತ್ತವರು ಒಂದು ನಿರ್ದಿಷ್ಟ ಆವೃತ್ತಿಯನ್ನು ಶಾಶ್ವತವಾಗಿ ಬಳಸಬಹುದೆಂಬ ಅವಕಾಶವನ್ನು ಸೇರಿಸಿತು. ಹಣ ತೆರುವುದು ನಿಂತ ಮೇಲೆ ಏನು ಉಳಿಯುತ್ತದೆ ಎಂಬುದನ್ನು ಖರೀದಿಗೆ ಮೊದಲೇ ತಿಳಿದುಕೊಳ್ಳಬೇಕೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಸುರಕ್ಷತೆ

ಐಡಿಇ ಮತ್ತು ಅದರ ವಿಸ್ತರಣೆಗಳು ಸಾಮಾನ್ಯವಾಗಿ ಬಳಕೆದಾರನಿಗಿರುವ ಅಧಿಕಾರದೊಂದಿಗೇ ನಡೆಯುತ್ತವೆ. ಆತ ತೆರೆಯಬಹುದಾದ ಕಡತಗಳನ್ನು ಅವೂ ತೆರೆಯಬಲ್ಲವು. 2015ರಲ್ಲಿ ಚೀನಾದಲ್ಲಿ ನಡೆದ ಎಕ್ಸ್‌ಕೋಡ್‌ಘೋಸ್ಟ್ ಪ್ರಕರಣ ಈ ಅಪಾಯವನ್ನು ಎತ್ತಿ ತೋರಿಸಿತು. ಅಧಿಕೃತ ತಾಣದಿಂದ ಎಕ್ಸ್‌ಕೋಡನ್ನು ಇಳಿಸಿಕೊಳ್ಳುವುದು ಅಲ್ಲಿ ಬಹಳ ನಿಧಾನವಾಗಿದ್ದುದರಿಂದ ಕೆಲವು ಪ್ರೋಗ್ರಾಮರ್‌ಗಳು ಕಡತ ಹಂಚಿಕೆಯ ತಾಣಗಳಲ್ಲಿದ್ದ ಪ್ರತಿಗಳನ್ನು ಬಳಸಿದರು. ಆ ಪ್ರತಿಗಳನ್ನು ಯಾರೋ ತಿರುಚಿದ್ದರು. ಅವುಗಳಿಂದ ನಿರ್ಮಿಸಿದ ಅನ್ವಯಗಳಲ್ಲೆಲ್ಲ ಪ್ರೋಗ್ರಾಮರ್‌ಗಳಿಗೆ ತಿಳಿಯದಂತೆಯೇ ದುರುದ್ದೇಶದ ಸಂಕೇತ ಸೇರಿಕೊಂಡಿತು. ಜನಪ್ರಿಯ ವೀಚಾಟ್‌ನ ಒಂದು ಆವೃತ್ತಿಯೂ ಇದಕ್ಕೆ ತುತ್ತಾಗಿತ್ತು. ಐಡಿಇಯನ್ನೂ ವಿಸ್ತರಣೆಗಳನ್ನೂ ಎಲ್ಲಿಂದ ಪಡೆಯಬೇಕು, ಯಾವುದಕ್ಕೆ ಅನುಮತಿಯಿದೆ ಎಂಬುದನ್ನು ತಂಡ ಲಿಖಿತವಾಗಿ ನಿರ್ಧರಿಸಿಕೊಳ್ಳುವುದು ಈ ಕಾರಣಕ್ಕಾಗಿಯೇ.

ಎಲ್ಲರಿಗೂ ಬಳಕೆಯಾಗುವ ಗುಣ

ತಂಡದಲ್ಲಿ ದೃಷ್ಟಿದೋಷವುಳ್ಳವರು, ಮೌಸ್ ಹಿಡಿಯಲಾಗದವರು, ಬಣ್ಣಗಳನ್ನು ಬೇರ್ಪಡಿಸಿ ಗುರುತಿಸಲಾಗದವರು ಇರಬಹುದು. ಪರದೆಯ ಪಠ್ಯವನ್ನು ಓದಿ ಹೇಳುವ ಎನ್‌ವಿಡಿಎಯಂತಹ ತಂತ್ರಾಂಶಗಳೊಡನೆ ಐಡಿಇ ಹೊಂದಿಕೊಳ್ಳುತ್ತದೆಯೇ, ಎಲ್ಲ ಕೆಲಸಗಳನ್ನೂ ಕೀಲಿಮಣೆಯಿಂದಲೇ ಮಾಡಬಹುದೇ ಎಂಬುದನ್ನು ಪರೀಕ್ಷಿಸಬೇಕಾಗುತ್ತದೆ. ಹದಿಹರೆಯದಲ್ಲಿ ದೃಷ್ಟಿ ಕಳೆದುಕೊಂಡ, ಪುಣೆ ಮೂಲದ ಗಣಕ ವಿಜ್ಞಾನಿ ಟಿ. ವಿ. ರಾಮನ್ ಅವರು 1990ರ ದಶಕದಲ್ಲಿ ಎಮ್ಯಾಕ್ಸ್ ಸಂಪಾದಕಕ್ಕೆ ಎಮ್ಯಾಕ್‌ಸ್ಪೀಕ್ ಎಂಬ ಧ್ವನಿ ಸೌಲಭ್ಯವನ್ನು ತಾವೇ ನಿರ್ಮಿಸಿಕೊಂಡರು. ಎಮ್ಯಾಕ್ಸ್‌ನ ಒಳಭಾಗವನ್ನು ಬಳಕೆದಾರರೇ ಬದಲಿಸಬಹುದಾಗಿದ್ದುದರಿಂದ ಅದು ಸಾಧ್ಯವಾಯಿತು. ಇಡೀ ತಂಡಕ್ಕೆ ಕಡ್ಡಾಯಗೊಳಿಸಿದ ಸಲಕರಣೆ ಒಬ್ಬ ಸದಸ್ಯನಿಗೆ ಬಳಸಲು ಬಾರದಿದ್ದರೆ, ಆ ನಿರ್ಧಾರ ಆತನನ್ನು ಕೆಲಸದಿಂದಲೇ ಹೊರಗಿಟ್ಟಂತೆ ಆಗುತ್ತದೆ.

ಕನ್ನಡ ಪಠ್ಯದ ನಿರ್ವಹಣೆ

ಕನ್ನಡದ ಜಾಲತಾಣ, ನಿಘಂಟು, ಅಕ್ಷರಶೈಲಿ ಮೊದಲಾದವನ್ನು ರೂಪಿಸುವ ತಂಡಗಳಿಗೆ ಮತ್ತೊಂದು ಮಾನದಂಡವಿದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ವಿಭಾಗವಿದೆ. ಒತ್ತಕ್ಷರಗಳಿಗೆ ಪ್ರತ್ಯೇಕ ಸ್ಥಾನಗಳಿಲ್ಲ. ‘ಸ್ತ್ರೀ’ ಎಂಬುದು ಓದುಗನ ಕಣ್ಣಿಗೆ ಒಂದೇ ಅಕ್ಷರ. ಗಣಕಕ್ಕೆ ಅದು ಸಕಾರ, ವಿರಾಮ ಚಿಹ್ನೆ, ತಕಾರ, ವಿರಾಮ ಚಿಹ್ನೆ, ರಕಾರ ಮತ್ತು ದೀರ್ಘ ಈಕಾರದ ಚಿಹ್ನೆ ಎಂಬ 6 ಸಂಕೇತಗಳ ಸರಣಿ. ಐಡಿಇಗಳು ಪ್ರತಿ ಅಕ್ಷರಕ್ಕೂ ಸಮಾನ ಅಗಲವಿರುವ ಲಿಪಿಶೈಲಿಯನ್ನು ಆಧರಿಸಿ ವಿನ್ಯಾಸಗೊಂಡಿರುವುದರಿಂದ, ಕನ್ನಡ ಪಠ್ಯದಲ್ಲಿ ಕರ್ಸರ್ ತಪ್ಪು ಜಾಗದಲ್ಲಿ ನಿಲ್ಲುವುದು, ಒತ್ತಕ್ಷರ ಒಡೆದು ಕಾಣುವುದು, ಕಂಬಸಾಲುಗಳು ಓರೆಯಾಗುವುದು ಇಂತಹ ತೊಂದರೆಗಳು ಎದುರಾಗಬಹುದು. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜಕಾರದ ನಂತರ ಬರುವ, ಶೂನ್ಯ ಅಗಲದ ಅಗೋಚರ ಸಂಕೇತವೂ ಇಂತಹುದೇ. ಹುಡುಕಾಟದಲ್ಲಿ ಈ ಒಂದು ಸಂಕೇತ ಬಿಟ್ಟುಹೋದರೆ ಪದ ಸಿಗದೆ ಹೋಗಬಹುದು. ಅಗೋಚರ ಸಂಕೇತಗಳನ್ನು ತೋರಿಸಬಲ್ಲ, ಯೂನಿಕೋಡನ್ನು ಸರಿಯಾಗಿ ನಿರ್ವಹಿಸುವ ಸಂಪಾದಕವು ಇಂತಹ ತಂಡಗಳಿಗೆ ಅನಿವಾರ್ಯ.

ಒಂದೇ ಪರಿಸರವೋ, ಹಲವೋ?

ತಂಡದ ಎಲ್ಲರೂ ಒಂದೇ ಐಡಿಇಯನ್ನು ಬಳಸಬೇಕೆ ಎಂಬ ವಿಷಯದಲ್ಲಿ ಎರಡು ಅಭಿಪ್ರಾಯಗಳಿವೆ. ಒಂದೇ ಇರಲಿ ಎನ್ನುವವರು ಹೊಸಬರ ಕಲಿಕೆಯನ್ನು ಮುಂದಿಡುತ್ತಾರೆ. ಎಲ್ಲರ ಪರದೆಯೂ ಒಂದೇ ಬಗೆಯಾಗಿದ್ದರೆ ಪಕ್ಕದಲ್ಲಿ ಕುಳಿತು ಹೇಳಿಕೊಡುವುದು ಸುಲಭ. ಮಾರ್ಗದರ್ಶಿ ಟಿಪ್ಪಣಿಯನ್ನು ಒಂದೇ ಬಾರಿ ಬರೆದರೆ ಸಾಕು. ಒಬ್ಬರಿಗೆ ಬಂದ ತೊಂದರೆಯ ಪರಿಹಾರ ಎಲ್ಲರಿಗೂ ಅನ್ವಯಿಸುತ್ತದೆ. ಹಲವು ಇರಲಿ ಎನ್ನುವವರು ಕೈಗೂಡಿದ ಅಭ್ಯಾಸದ ಮೌಲ್ಯವನ್ನು ಎತ್ತಿ ಹೇಳುತ್ತಾರೆ. ವಿಮ್ ಅಥವಾ ಎಮ್ಯಾಕ್ಸ್‌ನಲ್ಲಿ ಹಲವಾರು ವರ್ಷ ಪಳಗಿದವರನ್ನು ಬೇರೆ ಪರಿಸರಕ್ಕೆ ಒತ್ತಾಯದಿಂದ ತಂದರೆ ಕೆಲಸದ ವೇಗ ಬಹುಕಾಲ ಕುಗ್ಗುತ್ತದೆ.

ಈ ವಾದ ಬಹುಮಟ್ಟಿಗೆ ತೀಕ್ಷ್ಣತೆ ಕಳೆದುಕೊಳ್ಳಲು ಒಂದು ತಾಂತ್ರಿಕ ಬೆಳವಣಿಗೆ ಕಾರಣವಾಯಿತು. ಮೊದಲು ಪ್ರತಿಯೊಂದು ಭಾಷೆಯ ಬೆಂಬಲವನ್ನೂ ಪ್ರತಿಯೊಂದು ಸಂಪಾದಕಕ್ಕೂ ಬೇರೆ ಬೇರೆಯಾಗಿ ಬರೆಯಬೇಕಿತ್ತು. 20 ಭಾಷೆಗಳು ಮತ್ತು 10 ಸಂಪಾದಕಗಳಿದ್ದರೆ 200 ಬಾರಿ ಆ ಕೆಲಸ ಆಗಬೇಕು. ಮೈಕ್ರೋಸಾಫ್ಟ್, ರೆಡ್ ಹ್ಯಾಟ್ ಮತ್ತು ಕೋಡೆನ್ವಿ ಸಂಸ್ಥೆಗಳು 2016ರಲ್ಲಿ ಪ್ರಕಟಿಸಿದ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಎಂಬ ಸಂವಹನ ನಿಯಮಾವಳಿಯು ಈ ಎರಡನ್ನೂ ಬೇರ್ಪಡಿಸಿತು. ಭಾಷೆಯೊಂದಕ್ಕೆ ಒಂದು ಸರ್ವರ್, ಸಂಪಾದಕವೊಂದಕ್ಕೆ ಒಂದು ಸಂಪರ್ಕ ಸಿದ್ಧವಾದರೆ ಸಾಕು. 200ರ ಬದಲು 30 ತುಣುಕುಗಳಿಂದ ಕೆಲಸ ನಡೆಯುತ್ತದೆ. ಇದರಿಂದಾಗಿ ಬೇರೆ ಬೇರೆ ಸಂಪಾದಕಗಳಲ್ಲಿ ಕೆಲಸ ಮಾಡುವವರಿಗೂ ಬಹುತೇಕ ಒಂದೇ ಮಟ್ಟದ ನೆರವು ದೊರೆಯುವಂತಾಯಿತು.

ಸಂಪಾದಕಗಳು ಬೇರೆಯಾದಾಗ ಮೂಲಪಠ್ಯದ ರೂಪವೂ ಬೇರೆಯಾಗುವ ಅಪಾಯವಿದೆ. ಒಬ್ಬರು ಸಾಲಿನ ಆರಂಭದಲ್ಲಿ ಟ್ಯಾಬ್ ಬಳಸಿ, ಮತ್ತೊಬ್ಬರು ಖಾಲಿ ಜಾಗಗಳನ್ನು ಬಳಸಿದರೆ, ಒಂದು ಸಾಲನ್ನು ತಿದ್ದಿದಾಗ ಇಡೀ ಕಡತವೇ ಬದಲಾದಂತೆ ಗಿಟ್‌ನಲ್ಲಿ ಕಾಣಿಸಬಹುದು. ನಿಜವಾದ ತಿದ್ದುಪಡಿ ಅದರಲ್ಲಿ ಮುಳುಗಿಹೋಗುತ್ತದೆ. ಇದನ್ನು ತಡೆಯಲು ಎಡಿಟರ್‌ಕಾನ್ಫಿಗ್‌ನಂತಹ ಸಾಮಾನ್ಯ ನಿಯಮ ಕಡತವನ್ನು ಮೂಲಪಠ್ಯದ ಜೊತೆಯಲ್ಲಿಯೇ ಇಡಲಾಗುತ್ತದೆ. ಪಠ್ಯವನ್ನು ತಾನೇ ಒಪ್ಪಗೊಳಿಸುವ ಸಲಕರಣೆಗಳೂ ಬಳಕೆಯಲ್ಲಿವೆ. ತಂಡ ಏಕರೂಪವಾಗಿಸಬೇಕಾದುದು ಕೆಲಸದ ನಿಯಮಗಳನ್ನು, ಕಿಟಕಿಯ ಬಣ್ಣವನ್ನಲ್ಲ.

ಸಲಕರಣೆಯ ಮೇಲಿನ ಅವಲಂಬನೆ

ಐಡಿಇಗಳು ನಿಂತುಹೋಗುವುದು ಅಪರೂಪದ ಸಂಗತಿಯಲ್ಲ. ಆಂಡ್ರಾಯ್ಡ್‌ನ ಆರಂಭದ ವರ್ಷಗಳಲ್ಲಿ ಅನ್ವಯಗಳನ್ನು ರಚಿಸಲು ಗೂಗಲ್ ಎಕ್ಲಿಪ್ಸ್‌ಗೆ ಎಡಿಟಿ ಎಂಬ ಪೂರಕವನ್ನು ಒದಗಿಸಿತ್ತು. 2013ರ ಮೇ ತಿಂಗಳಿನಲ್ಲಿ ಇಂಟೆಲ್ಲಿಜೆ ಐಡಿಯಾವನ್ನು ಆಧರಿಸಿದ ಆಂಡ್ರಾಯ್ಡ್ ಸ್ಟುಡಿಯೋವನ್ನು ಪ್ರಕಟಿಸಲಾಯಿತು. 2014ರ ಡಿಸೆಂಬರ್‌ನಲ್ಲಿ ಅದರ ಮೊದಲ ಸ್ಥಿರ ಆವೃತ್ತಿ ಬಂದಿತು. 2015ರ ಅಂತ್ಯಕ್ಕೆ ಎಡಿಟಿಯ ಬೆಂಬಲವನ್ನು ನಿಲ್ಲಿಸುವುದಾಗಿ ಗೂಗಲ್ ಆ ವರ್ಷದ ಜೂನ್‌ನಲ್ಲಿ ತಿಳಿಸಿತು. ಹೊಸ ಪರಿಸರವು ಗ್ರೇಡಲ್ ಎಂಬ ಬೇರೆ ನಿರ್ಮಾಣ ವ್ಯವಸ್ಥೆಯನ್ನು ಬಳಸುತ್ತಿದ್ದುದರಿಂದ, ತಮ್ಮ ಯೋಜನೆಯ ವಿವರಗಳೆಲ್ಲ ಎಕ್ಲಿಪ್ಸ್‌ನ ಸ್ವಂತ ಕಡತಗಳಲ್ಲಿಯೇ ಇದ್ದ ತಂಡಗಳು ಅವನ್ನು ಹೊಸ ರೂಪಕ್ಕೆ ಪರಿವರ್ತಿಸಬೇಕಾಯಿತು. ಮೊದಲೇ ಗ್ರೇಡಲ್‌ಗೆ ಬದಲಾಗಿದ್ದ ತಂಡಗಳಿಗೆ ಆಗಿದ್ದು ಸಂಪಾದಕದ ಬದಲಾವಣೆ ಮಾತ್ರ.

ಗಿಟ್‌ಹಬ್ ಸಂಸ್ಥೆಯ ಆ್ಯಟಮ್ ಸಂಪಾದಕದ ಕಥೆಯೂ ಗಮನಾರ್ಹ. 2014ರಲ್ಲಿ ಬಂದ ಇದರ ಜೊತೆಯಲ್ಲಿ ರೂಪುಗೊಂಡ ಎಲೆಕ್ಟ್ರಾನ್ ಎಂಬ ಚೌಕಟ್ಟನ್ನೇ ವಿಷುಯಲ್ ಸ್ಟುಡಿಯೋ ಕೋಡ್ ಕೂಡ ಆಧಾರವಾಗಿಸಿಕೊಂಡಿತು. ಮೈಕ್ರೋಸಾಫ್ಟ್ 2018ರಲ್ಲಿ ಗಿಟ್‌ಹಬ್ಬನ್ನು ಕೊಂಡಿತು. 2022ರ ಡಿಸೆಂಬರ್ 15ರಂದು ಆ್ಯಟಮ್‌ನ ಅಧಿಕೃತ ಬೆಳವಣಿಗೆ ಕೊನೆಗೊಂಡಿತು. ಮೂಲಪಠ್ಯ ಮುಕ್ತವಾಗಿದ್ದುದರಿಂದ ಆಸಕ್ತರು ಅದನ್ನು ಪಲ್ಸರ್ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಮೈಕ್ರೋಸಾಫ್ಟ್‌ನದೇ ಆದ ಮ್ಯಾಕ್ ಗಣಕಗಳ ವಿಷುಯಲ್ ಸ್ಟುಡಿಯೋ 2024ರ ಆಗಸ್ಟ್ 31ಕ್ಕೆ ನಿವೃತ್ತಿಗೊಂಡಿತು.

ಇವುಗಳಿಂದ ತಿಳಿಯುವುದೇನೆಂದರೆ, ದೊಡ್ಡ ಸಂಸ್ಥೆಯ ಹೆಸರಾಗಲಿ, ಇಂದಿನ ಜನಪ್ರಿಯತೆಯಾಗಲಿ ದೀರ್ಘ ಬಾಳಿಕೆಗೆ ಖಾತರಿಯಲ್ಲ. ರಕ್ಷಣೆ ಇರುವುದು ಯೋಜನೆಯನ್ನು ಐಡಿಇಯಿಂದ ಬೇರ್ಪಡಿಸಿ ಇಡುವುದರಲ್ಲಿ. ಸ್ಟೂವರ್ಟ್ ಫೆಲ್ಡ್‌ಮನ್ ಅವರು 1976ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಬರೆದ ಮೇಕ್ ಎಂಬ ನಿರ್ಮಾಣ ಸಲಕರಣೆ ಇಂದಿಗೂ ಬಳಕೆಯಲ್ಲಿದೆ. ಮೇಕ್, ಮೇವನ್, ಗ್ರೇಡಲ್ ಮೊದಲಾದವು ಆದೇಶ ಸಾಲಿನಿಂದಲೇ, ಅಂದರೆ ಯಾವ ಐಡಿಇಯ ಹಂಗೂ ಇಲ್ಲದೆ, ತಂತ್ರಾಂಶವನ್ನು ಕಟ್ಟಬಲ್ಲವು. ಐಡಿಇಯ ಗುಂಡಿಯನ್ನು ಒತ್ತಿದಾಗ ನಡೆಯುವುದೂ ಆದೇಶ ಸಾಲಿನಿಂದ ನಡೆಯುವುದೂ ಒಂದೇ ಆಗಿದ್ದರೆ, ಸಲಕರಣೆ ಬದಲಾದರೂ ಕೆಲಸ ಉಳಿಯುತ್ತದೆ.

ಆಯ್ಕೆಯ ಕ್ರಮ

ತಂಡವೊಂದು ಐಡಿಇಯನ್ನು ಆರಿಸುವಾಗ ಈ ಕೆಳಗಿನ ಕ್ರಮವನ್ನು ಅನುಸರಿಸಬಹುದು:

1. ತಂಡದ ಭಾಷೆಗಳು, ಗುರಿ ವೇದಿಕೆಗಳು, ಸದಸ್ಯರ ಗಣಕಗಳು ಮತ್ತು ಈಗಾಗಲೇ ಬಳಕೆಯಲ್ಲಿರುವ ಸಲಕರಣೆಗಳ ಪಟ್ಟಿಯನ್ನು ಸಿದ್ಧಪಡಿಸುವುದು.
2. ಇರಲೇಬೇಕಾದ ಗುಣಗಳನ್ನೂ ಇದ್ದರೆ ಒಳ್ಳೆಯದೆನಿಸುವ ಗುಣಗಳನ್ನೂ ಬೇರ್ಪಡಿಸುವುದು. ಎರಡನೆಯ ಪಟ್ಟಿ ಉದ್ದವಾದಷ್ಟೂ ನಿರ್ಧಾರ ತೊಡಕಾಗುತ್ತದೆ.
3. ಮೂರು ನಾಲ್ಕಕ್ಕಿಂತ ಹೆಚ್ಚಿಲ್ಲದಂತೆ ಪರ್ಯಾಯಗಳನ್ನು ಇಳಿಸಿಕೊಂಡು, ಅವುಗಳ ಪರವಾನಗಿಯನ್ನು ಪೂರ್ಣವಾಗಿ ಓದುವುದು.
4. ಮಾದರಿ ಕ್ರಮವಿಧಿಯ ಬದಲು ತಂಡದ ನಿಜವಾದ ಮೂಲಪಠ್ಯದಲ್ಲಿ, ನಿಜವಾದ ಒಂದು ದೋಷವನ್ನು ತಿದ್ದಿ ನೋಡುವುದು. ಅನುಭವಿಯೊಬ್ಬರೂ ಹೊಸಬರೊಬ್ಬರೂ ಈ ಪರೀಕ್ಷೆಯಲ್ಲಿ ಭಾಗವಹಿಸಬೇಕು.
5. ಏನೂ ಸ್ಥಾಪಿಸಿರದ ಹೊಸ ಗಣಕದಲ್ಲಿ, ಲಿಖಿತ ಟಿಪ್ಪಣಿಯನ್ನು ಮಾತ್ರ ಅನುಸರಿಸಿ, ಐಡಿಇಯನ್ನು ತೆರೆಯದೆಯೇ ತಂತ್ರಾಂಶವನ್ನು ಕಟ್ಟಲು ಬರುತ್ತದೆಯೇ ಎಂದು ಪರೀಕ್ಷಿಸುವುದು.
6. ನಿರ್ಧಾರವನ್ನೂ ಅದರ ಕಾರಣಗಳನ್ನೂ ಬರೆದಿಟ್ಟು, ನಿಗದಿತ ಅವಧಿಯ ನಂತರ ಮತ್ತೆ ಪರಿಶೀಲಿಸುವುದು.

ಇವುಗಳಲ್ಲಿ ಐದನೆಯದನ್ನು ಬಿಟ್ಟುಬಿಡುವ ಸಾಧ್ಯತೆ ಹೆಚ್ಚು. ತಂಡದ ಹಿರಿಯ ಸದಸ್ಯರೊಬ್ಬರು ಕೆಲಸ ಬಿಟ್ಟು ಹೋದಾಗ, ಅಥವಾ ಅವರ ಗಣಕ ಕೆಟ್ಟಾಗ, ತಂತ್ರಾಂಶವನ್ನು ಕಟ್ಟುವ ವಿಧಾನ ಅವರ ಐಡಿಇಯ ಆಯ್ಕೆಗಳಲ್ಲಿ ಮಾತ್ರ ಅಡಗಿತ್ತು ಎಂಬುದು ಬೆಳಕಿಗೆ ಬಂದರೆ ಅದರ ಬೆಲೆ ದೊಡ್ಡದು.

ಭಾರತದ ಶಿಕ್ಷಣದಲ್ಲಿ

ಆಯ್ಕೆಯ ಪರಿಣಾಮ ತಂಡಗಳಿಗಷ್ಟೇ ಸೀಮಿತವಲ್ಲ ಎಂಬುದಕ್ಕೆ ಭಾರತದ ತರಗತಿಗಳಲ್ಲಿ ಟರ್ಬೋ ಸಿ++ ಪಡೆದ ಸ್ಥಾನವೇ ಸಾಕ್ಷಿ. ಕರ್ನಾಟಕದ ಪದವಿಪೂರ್ವ ಗಣಕ ವಿಜ್ಞಾನದಲ್ಲಿ ದೀರ್ಘಕಾಲ ಸಿ++ ಬೋಧನೆಯಾಗುತ್ತಿತ್ತು. ನೀಲಿ ಪರದೆಯ ಟರ್ಬೋ ಸಿ++ ಅನೇಕ ಪ್ರಯೋಗಾಲಯಗಳಲ್ಲಿ ಭಾಷೆಯ ಪರ್ಯಾಯ ಪದವೇ ಆಗಿತ್ತು. ಹಳೆಯ ಗಣಕಗಳಲ್ಲಿ ನಡೆಯುತ್ತಿದ್ದುದು, ಅಂತರಜಾಲ ಬೇಡದಿದ್ದುದು ಮತ್ತು ಅಧ್ಯಾಪಕರಿಗೆ ಪರಿಚಿತವಾಗಿದ್ದುದು ಇದರ ಅನುಕೂಲಗಳು.

ಆದರೆ ಇದು ಡಾಸ್ ಕಾಲದ ತಂತ್ರಾಂಶ. ಸಿ++ನ ಮೊದಲ ಅಂತಾರಾಷ್ಟ್ರೀಯ ಮಾನಕ ಪ್ರಕಟವಾದುದು 1998ರಲ್ಲಿ, ಅಂದರೆ ಟರ್ಬೋ ಸಿ++ ಬಂದ 8 ವರ್ಷಗಳ ತರುವಾಯ. ಟರ್ಬೋ ಸಿ++ನಲ್ಲಿ ಅಭ್ಯಾಸವಾದ ‘ಐಓಸ್ಟ್ರೀಮ್.ಎಚ್’ ಶಿರೋನಾಮೆ, ‘ವಾಯ್ಡ್ ಮೇನ್’ ಎಂಬ ಆರಂಭ, ಪರದೆಯನ್ನು ಅಳಿಸುವ ‘ಕೋನಿಯೋ.ಎಚ್’ನ ಆದೇಶ ಇವು ಮಾನಕದಲ್ಲಿಲ್ಲ. ಜಿಸಿಸಿಯಂತಹ ಇಂದಿನ ಕಂಪೈಲರ್‌ಗಳು ಇವುಗಳನ್ನು ದೋಷವೆಂದು ತಳ್ಳಿಹಾಕುತ್ತವೆ. ಪೂರ್ಣಾಂಕಗಳ ಮಿತಿಯೂ ಭಿನ್ನ. ಟರ್ಬೋ ಸಿ++ನಲ್ಲಿ ಸಾಮಾನ್ಯ ಪೂರ್ಣಾಂಕಕ್ಕೆ 16 ಬಿಟ್‌ಗಳಿರುವುದರಿಂದ ಗರಿಷ್ಠ ಬೆಲೆ 32,767. ಕ್ರಮಗುಣಿತ ಕಂಡುಹಿಡಿಯುವ ವಿದ್ಯಾರ್ಥಿಯ ಕ್ರಮವಿಧಿ 7ಕ್ಕೆ 5,040 ಎಂಬ ಸರಿಯುತ್ತರ ಕೊಟ್ಟು, 8ಕ್ಕೆ 40,320ರ ಬದಲು ಋಣ 25,216 ಎಂದು ತೋರಿಸುತ್ತದೆ. 32 ಬಿಟ್‌ಗಳ ಪೂರ್ಣಾಂಕವಿರುವ ಕಂಪೈಲರ್‌ನಲ್ಲಿ ಅದೇ ಕ್ರಮವಿಧಿ 12ರವರೆಗೆ ಸರಿಯಾಗಿ ನಡೆಯುತ್ತದೆ.

ಇಲ್ಲಿ ತಪ್ಪು ವಿದ್ಯಾರ್ಥಿಯದಲ್ಲ. ಭಾಷೆ ಯಾವುದು, ಸಲಕರಣೆ ಯಾವುದು ಎಂಬ ಭೇದವನ್ನು ಆತನಿಗೆ ತಿಳಿಸಿರುವುದಿಲ್ಲ. ಕಲಿತದ್ದೆಲ್ಲ ಒಂದೇ ಪರದೆಗೆ ಅಂಟಿಕೊಂಡಿದ್ದರೆ, ಉದ್ಯೋಗದ ಮೊದಲ ದಿನ ಬೇರೆ ಪರದೆಯ ಮುಂದೆ ಕುಳಿತಾಗ ತನಗೆ ಏನೂ ಬಾರದೆಂಬ ಭಾವನೆ ಮೂಡುತ್ತದೆ. ಗ್ರಾಮಾಂತರ ಕಾಲೇಜಿನಿಂದ ಬಂದ, ಮನೆಯಲ್ಲಿ ಗಣಕವಿಲ್ಲದ ವಿದ್ಯಾರ್ಥಿಗೆ ಈ ಹಿನ್ನಡೆ ಹೆಚ್ಚು ಭಾರವಾದುದು.

ಕಲಿಯುವವರಿಗಾಗಿಯೇ ರೂಪಿಸಿದ ಸರಳ ಪರಿಸರಗಳೂ ಇವೆ. ಪೈಥಾನ್ ಜೊತೆಯಲ್ಲಿಯೇ ಬರುವ ಐಡಲ್, ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಥೋನಿ ಹಾಗೂ ಜಾವಾ ಕಲಿಕೆಯ ಬ್ಲೂಜೆ ಇವುಗಳಲ್ಲಿ ಮುಖ್ಯವಾದವು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯು ಮುಕ್ತ ತಂತ್ರಾಂಶಗಳ ಪಾಠಗಳನ್ನು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಉಚಿತವಾಗಿ ಒದಗಿಸುತ್ತದೆ. ಒಂದು ಸಣ್ಣ ಕ್ರಮವಿಧಿಯನ್ನು ಮೊದಲು ಐಡಿಇಯಲ್ಲಿ ನಡೆಸಿ, ಅನಂತರ ಸಾಧಾರಣ ಪಠ್ಯ ಸಂಪಾದಕದಲ್ಲಿ ಬರೆದು ಆದೇಶ ಸಾಲಿನಿಂದ ನಡೆಸುವ ಅಭ್ಯಾಸವನ್ನು ಮಾಡಿಸಿದರೆ, ಐಡಿಇ ತೆರೆಮರೆಯಲ್ಲಿ ಮಾಡುವ ಕೆಲಸ ವಿದ್ಯಾರ್ಥಿಗೆ ಸ್ಪಷ್ಟವಾಗುತ್ತದೆ.

ಇತ್ತೀಚಿನ ಬೆಳವಣಿಗೆಗಳು

ಕೃತಕ ಬುದ್ಧಿಮತ್ತೆಯ ನೆರವು ಈಗ ಐಡಿಇಗಳ ಆಯ್ಕೆಯಲ್ಲಿ ಹೊಸ ಅಂಶವಾಗಿದೆ. ಗಿಟ್‌ಹಬ್ ಕೋಪೈಲಟ್ 2021ರ ಜೂನ್‌ನಲ್ಲಿ ಪ್ರಾಯೋಗಿಕವಾಗಿಯೂ 2022ರ ಜೂನ್‌ನಲ್ಲಿ ಎಲ್ಲರ ಬಳಕೆಗೂ ಬಂದಿತು. ಇಂತಹ ಸೇವೆಗಳಲ್ಲಿ ಅನೇಕವು ಮೂಲಪಠ್ಯದ ಭಾಗಗಳನ್ನು ದೂರದ ಸರ್ವರ್‌ಗೆ ಕಳುಹಿಸಿ ಉತ್ತರ ಪಡೆಯುತ್ತವೆ. ಗ್ರಾಹಕರ ಗೋಪ್ಯ ಮಾಹಿತಿಯನ್ನು ನಿರ್ವಹಿಸುವ ತಂಡಗಳು ಏನನ್ನು ಕಳುಹಿಸಬಹುದು, ಅದು ಎಲ್ಲಿ ಸಂಗ್ರಹವಾಗುತ್ತದೆ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕಾಗುತ್ತದೆ.

ಅಂತರಜಾಲದ ವೀಕ್ಷಕದಲ್ಲಿಯೇ ನಡೆಯುವ ಐಡಿಇಗಳೂ ಬಳಕೆಗೆ ಬಂದಿವೆ. ಇವುಗಳಿಂದ ದುರ್ಬಲ ಗಣಕದಲ್ಲಿಯೂ ದೊಡ್ಡ ಯೋಜನೆಯ ಕೆಲಸ ಮಾಡಬಹುದು. ಆದರೆ ಅಂತರಜಾಲ ಸಂಪರ್ಕ ಸದಾ ಬೇಕು. ಸೇವೆಯ ಮುಂದುವರಿಕೆ ಒದಗಿಸುವ ಸಂಸ್ಥೆಯ ಇಚ್ಛೆಗೆ ಒಳಪಟ್ಟಿದೆ. ಅಮೆಜಾನ್ 2016ರಲ್ಲಿ ಕೊಂಡ ಕ್ಲೌಡ್9 ಎಂಬ ಇಂತಹ ಸೇವೆಗೆ 2024ರಲ್ಲಿ ಹೊಸ ಗ್ರಾಹಕರ ಸೇರ್ಪಡೆಯನ್ನು ನಿಲ್ಲಿಸಲಾಯಿತು. ಸಲಕರಣೆಯು ಗಣಕದಲ್ಲಿರಲಿ, ದೂರದ ಸರ್ವರ್‌ನಲ್ಲಿರಲಿ, ಮೂಲಪಠ್ಯವನ್ನೂ ಅದನ್ನು ಕಟ್ಟುವ ವಿಧಾನವನ್ನೂ ತಂಡವು ತನ್ನ ಕೈಯಲ್ಲಿಯೇ ಇಟ್ಟುಕೊಳ್ಳಬೇಕೆಂಬ ತತ್ತ್ವ ಇಲ್ಲಿಯೂ ಅನ್ವಯಿಸುತ್ತದೆ.